ಜಗಳಕ್ಕಾಗುವಷ್ಟು ಇಂಗ್ಲಿಷು

ಆ ಕೆಲವು ವಾರ ನಮ್ಮ ಅಡುಗೆಮನೆಯ ಊಟದ ಮೇಜಿನಲ್ಲಿ ಯಾರೂ ಜಗಳವಾಡಲಿಲ್ಲ. ಕಾರಣಗಳಿಗೇನೂ ಬರವಿರಲಿಲ್ಲ, ಜಗಳವಾಡುವಷ್ಟು ಇಂಗ್ಲಿಷು ಯಾರಿಗೂ ಬರುತ್ತಿರಲಿಲ್ಲ, ಅಷ್ಟೆ.

ಶುರುವಾದದ್ದು ಅಮ್ಮನ ಮೊಣಕಾಲಿನಿಂದ. ಅಮ್ಮ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅದೇ ಹೋಟೆಲಿನ ಊಟದ ಹಾಲಿನಲ್ಲಿ ಅಪ್ಪ ವೇಟರು. ಅಪ್ಪ ಮೇಲೆ, ಅಮ್ಮ ನೆಲಮಾಳಿಗೆಯಲ್ಲಿ. ದಿನವಿಡೀ ಒಂದೇ ಸೂರಿನಡಿ ಇದ್ದರೂ ಇಬ್ಬರೂ ಮುಖ ನೋಡುತ್ತಿದ್ದದ್ದು ಸಂಜೆ ಬಸ್‌ಸ್ಟಾಪಿನಲ್ಲೇ. ನಾನು ಹುಟ್ಟುವ ಮೊದಲಿನಿಂದಲೂ ಅಮ್ಮ ಆ ಹಬೆಯ ಮೇಜಿನ ಮುಂದೆ ನಿಂತವಳು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಅವಳ ಪಾದದ ಸುತ್ತ ಪಟ್ಟಿಯ ಗುರುತು ಉಬ್ಬಿ ನಿಂತಿರುತ್ತಿತ್ತು. ಡಾಕ್ಟರು ಮೊಣಕಾಲು ಒತ್ತಿ ನೋಡಿ, "ಇನ್ನು ನಿಂತು ಮಾಡೋ ಕೆಲಸ ಬಿಟ್ಬಿಡಿ" ಎಂದರು. ಅಮ್ಮ ಹೂಂಗುಟ್ಟಿ ಬಂದಳು. ಮರುದಿನ ಬೆಳಿಗ್ಗೆ ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ಹೋದಳು.

"ಬಿಟ್ಟು ಮನೇಲಿರಲಿ," ಎಂದಳು ಅಜ್ಜಿ, ಅಂದರೆ ಅಪ್ಪನ ಅಮ್ಮ. "ನಾನೇನು ಕಚ್ತೀನಾ? ಇಬ್ಬರೂ ಎದುರುಬದುರು ಕೂತು ಕಾಳು ಆರಿಸ್ತೀವಿ."

ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಅಜ್ಜಿ ಕಚ್ಚುವವಳಲ್ಲ, ನಿಜ. ಆದರೆ ಅವಳ ಬಾಯಿಗೆ ರಜೆಯಿರಲಿಲ್ಲ. ಹಾಲು ಉಕ್ಕಿದ್ದು, ಬಾಗಿಲ ಚಿಲಕ ಹಾಕದೆ ಬಿಟ್ಟದ್ದು, ಅನ್ನ ಮೆತ್ತಗಾದದ್ದು, ಯಾವುದರಿಂದ ಹೊರಟರೂ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಶಾಲಿನ ಬಳಿ. ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಅಜ್ಜಿಯ ಉಣ್ಣೆಯ ಶಾಲು ಕುದಿಯುವ ನೀರಿಗೆ ಬಿದ್ದು ಮುದುಡಿಹೋಗಿತ್ತಂತೆ. ತಾತ ತಂದುಕೊಟ್ಟ ಶಾಲು. "ಊರವರ ಬಟ್ಟೆಗೆಲ್ಲ ಇಸ್ತ್ರಿ ತಿಕ್ಕೋಳಿಗೆ ನನ್ನದೊಂದು ಶಾಲು ಉಳಿಸೋಕಾಗಲಿಲ್ಲ. ಹಾಸಿಗೆಯಷ್ಟಿದ್ದದ್ದು ಮಗುವಿನ ಟೋಪಿಯಷ್ಟಾಗಿ ಬಂತು." ನಾನು ತೊಟ್ಟಿಲಲ್ಲಿದ್ದಾಗಲೇ ಈ ಮಾತು ಕೇಳಿರಬೇಕು. ಅಮ್ಮ ಪ್ರತಿ ಸಲವೂ, ಕೈಯಲ್ಲಿದ್ದ ಕೆಲಸ ನಿಲ್ಲಿಸದೆ, "ತಪ್ಪಾಯ್ತು ಅತ್ತೆ" ಎನ್ನುತ್ತಿದ್ದಳು. ಕೆಲಸ ಬಿಟ್ಟರೆ ಬೆಳಗಿನಿಂದ ಸಂಜೆಯವರೆಗೂ ಇದೇ ಆಗುತ್ತದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹಾಗಿರುವಾಗ ಲಾಂಡ್ರಿಯಲ್ಲಿ ಒಂದು ಕುರ್ಚಿ ಖಾಲಿಯಾಗುವ ಸುದ್ದಿ ಬಂತು. ರೂಮುಗಳಿಂದ ಬರುವ ಫೋನು ಎತ್ತುವ ಕುರ್ಚಿ. ಅದರಲ್ಲಿದ್ದವಳು ಕೆಲಸ ಬಿಟ್ಟು ಬೇರೆ ಊರಿಗೆ ಹೊರಟಿದ್ದಳು.

"ಸೂಪರ್‌ವೈಸರ್ ಮೇಡಂ ನನ್ನನ್ನೇ ಕರೆದು ಕೇಳಿದ್ರು," ಅಮ್ಮ ಅನ್ನ ಬಡಿಸುತ್ತ ಹೇಳಿದಳು. "ಕೂತ್ಕೊಂಡು ಮಾಡೋ ಕೆಲಸ. ಆದ್ರೆ ಗೆಸ್ಟುಗಳು ಇಂಗ್ಲಿಷಲ್ಲಿ ಮಾತಾಡ್ತಾರೆ. ಅವಳು ಹೋಗೋದರೊಳಗೆ ಕಲಿತ್ಕೊಂಡ್ರೆ ಕುರ್ಚಿ ನಿಂದು ಅಂದ್ರು."

"ಈ ವಯಸ್ಸಲ್ಲಿ ಇಂಗ್ಲಿಷಾ," ಎಂದಳು ಅಜ್ಜಿ. "ಹಲ್ಲು ಬೀಳೋ ಹೊತ್ತಿಗೆ ಕಬ್ಬು ತಿನ್ನೋ ಆಸೆ."

ಅಪ್ಪ ಮಾತ್ರ ನೆಟ್ಟಗೆ ಕೂತ. ಇಪ್ಪತ್ತು ವರ್ಷಕ್ಕೂ ಮೇಲೆ ಇಂಗ್ಲಿಷಿನಲ್ಲಿ ಬಡಿಸಿದವನು ಅವನು. "ನಾನು ಕಲಿಸ್ತೀನಿ. ನಾಳೆಯಿಂದ ಈ ಮೇಜಿನ ಮೇಲೆ ಕನ್ನಡ ಬಂದ್. ಅನ್ನ ಬೇಕಾದ್ರೂ ಇಂಗ್ಲಿಷು, ನೀರು ಬೇಕಾದ್ರೂ ಇಂಗ್ಲಿಷು."

"ಬಿಕ್ಕಳಿಕೆ ಬಂದ್ರೆ?" ಎಂದ ಚಿಕ್ಕಪ್ಪ. ಅವನು ಮನೆಯ ಮುಂದಿನ ಕೋಣೆಯಲ್ಲೇ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ.

"ಎಕ್ಸ್‌ಕ್ಯೂಸ್ ಮಿ ಅನ್ನಬೇಕು," ಎಂದ ಅಪ್ಪ, ನಗದೆ.

ಮರುದಿನದಿಂದ ಶುರುವಾಯಿತು. ಅಪ್ಪನ ಇಂಗ್ಲಿಷಿಗೆ ಬೆನ್ನುಮೂಳೆಯಿರಲಿಲ್ಲ. ಪ್ರತಿ ವಾಕ್ಯವೂ ಸೊಂಟ ಬಗ್ಗಿಸಿಕೊಂಡೇ ಹೊರಗೆ ಬರುತ್ತಿತ್ತು. "ಮೇ ಐ ಸರ್ವ್ ಯು ಸಮ್ ಬೀನ್ಸ್, ಮೇಡಂ?" ಎಂದು ಅಮ್ಮನನ್ನು ಕೇಳಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮದುವೆಯಾದಂದಿನಿಂದ ಅವಳಿಗೆ ಯಾರೂ ಹುರುಳಿಕಾಯಿ ಬಡಿಸಿದ್ದಿಲ್ಲ. ಚಿಕ್ಕಪ್ಪ ಇಂಗ್ಲಿಷು ಕಲಿತದ್ದು ಮಿಕ್ಸಿಗಳ ಜೊತೆ ಬರುವ ಪುಸ್ತಿಕೆಗಳಿಂದ. ಹಾಗಾಗಿ ಅವನಿಗೆ ಬರುತ್ತಿದ್ದದ್ದೆಲ್ಲ ಎಚ್ಚರಿಕೆಗಳೇ. ಬಿಸಿ ಪಾತ್ರೆ ಕಂಡರೆ "ಡು ನಾಟ್ ಟಚ್", ನೀರು ಚೆಲ್ಲಿದರೆ "ಕೀಪ್ ಅವೇ ಫ್ರಮ್ ವಾಟರ್", ಅಜ್ಜಿ ಬಾಯಿ ತೆರೆದರೆ "ಡೇಂಜರ್". ನಾನು ಆಗಷ್ಟೇ ಡಿಗ್ರಿ ಮುಗಿಸಿದ್ದೆ. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಮಾತಾಡು ಎಂದರೆ ಮಾತ್ರ ಎರಡು ಪದಕ್ಕೆ ನಿಂತುಬಿಡುತ್ತಿದ್ದೆ. ಇಂಗ್ಲಿಷೇಕೆ, ಕನ್ನಡದಲ್ಲೂ ಹಾಗೇ. ಅಜ್ಜಿ ನನ್ನನ್ನು ಮೌನಗೌರಿ ಎಂದೇ ಕರೆಯುತ್ತಿದ್ದಳು.

ಮೂರನೆಯ ದಿನಕ್ಕೆ ಅಜ್ಜಿ ತಟ್ಟೆ ಹಿಡಿದು ಎದ್ದಳು.

"ನನ್ನ ಊಟ ನಡುಮನೆಗೆ ತಂದುಕೊಡಿ. ನಾನು ಮನುಷ್ಯರ ಭಾಷೇಲಿ ಉಣ್ತೀನಿ."

ಅಪ್ಪ ಬಾಗಿಲವರೆಗೂ ಹಿಂದೆ ಹೋಗಿ, "ಅಮ್ಮಾ, ಸ್ವಲ್ಪ ದಿನದ ಮಾತು," ಎಂದ.

"ಹೂಂ. ನಾನೂ ಸ್ವಲ್ಪ ದಿನದವಳೇ."

ಅಂದಿನಿಂದ ಮನೆಗೆ ಎರಡು ರಾಜ್ಯಗಳಾದವು. ಅಡುಗೆಮನೆ ಇಂಗ್ಲಿಷಿನದು, ನಡುಮನೆ ಕನ್ನಡದ್ದು. ಜಗಳವಾಡಬೇಕೆನಿಸಿದವರು ತಟ್ಟೆ ಎತ್ತಿಕೊಂಡು ಗಡಿ ದಾಟಬೇಕು. ಬಚ್ಚಲಿನ ಬಲ್ಬು ಯಾರು ಹಾಕಬೇಕೆಂದು ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ಹತ್ತಿದಾಗ, ಅಪ್ಪ "ಪ್ಲೀಸ್ ಕಮ್ ದಿಸ್ ವೇ ಸರ್" ಎಂದು ಅವನನ್ನು ಕೈ ತೋರಿಸಿ ಕರೆದುಕೊಂಡು ಹೋದ. ನಡುಮನೆಯ ಹೊಸ್ತಿಲು ದಾಟಿದ್ದೇ, "ಮನೆ ತುಂಬ ವೈರು ಹರಡ್ಕೊಂಡಿರ್ತೀಯ, ಒಂದು ಬಲ್ಬು ಹಾಕೋ ಯೋಗ್ಯತೆ ಇಲ್ವಾ ನಿಂಗೆ" ಎಂದು ಶುರುಮಾಡಿದ. ಅಜ್ಜಿ ಸುಖವಾಗಿ ಮೊಸರನ್ನ ಕಲೆಸುತ್ತ ಎರಡೂ ಕಡೆಯ ವಾದ ಕೇಳಿದಳು. ಬರಬರುತ್ತ ನಡುಮನೆಯಲ್ಲಿ ಊಟಕ್ಕೆ ಜನ ಹೆಚ್ಚಿದರು. ನಾನೂ ಒಂದೆರಡು ದಿನ ಅಲ್ಲೇ ಕೂತೆ. ಆಗ ಅಡುಗೆಮನೆಯಿಂದ ಅಮ್ಮನ ದನಿ ಸಣ್ಣಗೆ ಕೇಳುತ್ತಿತ್ತು. ಖಾಲಿ ಕುರ್ಚಿಗಳಿಗೆ ಅವಳು ಒಂದೊಂದಾಗಿ ಕೇಳುತ್ತಿದ್ದಳು: "ಮೋರ್ ರೈಸ್, ಸರ್? ಮೋರ್ ರೈಸ್, ಮೇಡಂ?"

ಅದನ್ನು ಕೇಳಿದ ಮೇಲೆ ನಾನು ಎದ್ದು ಒಳಗೆ ಹೋದೆ. "ನೋ, ಥ್ಯಾಂಕ್ ಯು" ಎಂದೆ. ಅಮ್ಮ ನನ್ನನ್ನು ನೋಡಿ, ಬೇಡವೆಂದರೂ ಒಂದು ಸೌಟು ಬಡಿಸಿದಳು.

ಅಮ್ಮ ಬೇಗ ಕಲಿತಳು. ಬಸ್ಸಿನಲ್ಲಿ ತುಟಿಯಾಡಿಸುತ್ತ ಕೂರುತ್ತಿದ್ದಳಂತೆ. ಪಕ್ಕದವರು ಜಪ ಎಂದುಕೊಂಡಿದ್ದರು. ಅಪ್ಪ ಅವಳಿಗೆ ತನ್ನ ಜೀವಮಾನದ ಗುಟ್ಟು ಹೇಳಿಕೊಟ್ಟ. "ಗೆಸ್ಟ್ ಏನಂದ್ರು ಅಂತ ಅರ್ಥ ಆಗ್ಲಿಲ್ವಾ, ಸಾರಿ ಸರ್ ಅನ್ನು. ಬೈದ್ರಾ, ಸಾರಿ ಸರ್. ನಿಂದು ತಪ್ಪೇ ಇಲ್ವಾ, ಆಗಂತೂ ಎರಡು ಸಲ ಅನ್ನು. ಆ ಒಂದು ಮಾತಲ್ಲಿ ನಾನು ಇಷ್ಟು ವರ್ಷ ಅನ್ನ ತಿಂದಿದ್ದೀನಿ."

ಸಾರಿ ಅಮ್ಮನ ಬಾಯಿಗೆ ಸಲೀಸಾಗಿ ಕೂತಿತು. ಅದನ್ನು ಅವಳು ಕನ್ನಡದಲ್ಲಿ ಆಗಲೇ ಕಲಿತುಬಿಟ್ಟಿದ್ದಳಲ್ಲ.

ಟೆಲಿಫೋನಿನವಳು ಒಂದು ಮಧ್ಯಾಹ್ನ ರಜೆ ಹಾಕಿದಾಗ ಸೂಪರ್‌ವೈಸರ್ ಅಮ್ಮನನ್ನು ಆ ಕುರ್ಚಿಯಲ್ಲಿ ಕೂರಿಸಿದಳು. ಸಂಜೆ ಅಮ್ಮ ಬಸ್‌ಸ್ಟಾಪಿನಲ್ಲಿ ಅಪ್ಪನಿಗೆ ಕಾಯದೆ ಒಬ್ಬಳೇ ಮನೆಗೆ ಬಂದಳು. ಮೊಣಕಾಲಿನ ಬಟ್ಟೆ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಅಪ್ಪ ಏದುಸಿರು ಬಿಡುತ್ತ ಹಿಂದೆಯೇ ಬಂದ.

"ಏನಾಯ್ತು? ಮಾತು ಬರಲಿಲ್ವಾ?"

"ಬಂತು. ಚೆನ್ನಾಗೇ ಬಂತು." ಅಮ್ಮ ನಿಯಮ ಮುರಿದು ಕನ್ನಡದಲ್ಲೇ ಹೇಳಿದಳು. "ಶರ್ಟಿನ ಕಾಲರಲ್ಲಿ ಕಂದು ಕಲೆ ಅಂತ ಒಬ್ಬ ಕೂಗಾಡಿದ. ಸಾರಿ ಸರ್ ಅಂದೆ. ಮತ್ತೆ ಕೂಗಿದ, ಮತ್ತೆ ಅಂದೆ. ಅವನು ನೆಟ್ಟಗೆ ಮ್ಯಾನೇಜರ್ ಹತ್ರ ಹೋಗಿ, ನೋಡಿ, ನಿಮ್ಮವರೇ ತಪ್ಪು ಒಪ್ಕೊಂಡಿದ್ದಾರೆ ಅಂದ. ಆ ಶರ್ಟಿಗೆ ಇಸ್ತ್ರಿ ಹಾಕಿದ್ದು ನನ್ನ ಪಕ್ಕದ ಮೇಜಿನವಳು. ಅವಳನ್ನ ಕರೆದು ಎಲ್ಲರ ಮುಂದೆ ಬೈದ್ರು. ನಾಳೆಯಿಂದ ಬರಬೇಡ ಅನ್ನೋವರೆಗೂ ಹೋಯ್ತು."

"ಅವಳು ಸುಟ್ಟಿದ್ಲಾ?"

"ಇಲ್ಲ ರೀ. ಕಲೆ ಮೊದಲೇ ಇತ್ತು. ಆಮೇಲೆ ನೋಡಿದ್ರೆ ಕೆಂಪು ದಾರ ಇತ್ತು ಅದರಲ್ಲಿ."

ಲಾಂಡ್ರಿಗೆ ಬಟ್ಟೆ ಬಂದಾಗಲೇ ಅದರಲ್ಲಿ ಕಲೆಯೋ ಹರಿದದ್ದೋ ಇದ್ದರೆ, ತೆಗೆದುಕೊಳ್ಳುವವರು ಒಳಹೊಲಿಗೆಗೆ ಒಂದು ಕೆಂಪು ದಾರ ಕಟ್ಟುತ್ತಾರೆ. ಒಗೆದು ಮಡಿಸಿ ರೂಮಿಗೆ ಹೋಗುವಾಗಲೂ ಆ ದಾರ ಅಲ್ಲೇ ಇರುತ್ತದೆ. ಯಾರಾದರೂ ಫೋನಿನಲ್ಲಿ ಬೈದರೆ ಮೊದಲು ದಾರ ಇದೆಯೇ ನೋಡಿ ಎಂದು ಕೇಳಬೇಕು. ಇಷ್ಟು ವರ್ಷ ಆ ದಾರಗಳ ಪಕ್ಕದಲ್ಲೇ ಇಸ್ತ್ರಿ ಓಡಿಸಿದ ಅಮ್ಮ, ಫೋನು ಎತ್ತಿದ ಕೂಡಲೇ ದಾರ ಮರೆತು ಅಪ್ಪನ ಮಾತು ನೆನೆಸಿಕೊಂಡಿದ್ದಳು.

"ಸಾರಿ ಅನ್ನದೆ ಹೋಟ್ಲಲ್ಲಿ ಬದುಕೋಕಾಗುತ್ತಾ?" ಎಂದ ಅಪ್ಪ. ಅವನ ದನಿ ಸಣ್ಣದಾಗಿತ್ತು.

"ನಿಮ್ಮ ಊಟದ ಹಾಲಲ್ಲಿ ಸಾರಿ ಅಂದ್ರೆ ಇನ್ನೊಂದು ಪ್ಲೇಟು ಬರುತ್ತೆ. ನಮ್ಮಲ್ಲಿ ಸಾರಿ ಅಂದ್ರೆ ಒಬ್ಬಳ ಕೆಲಸ ಹೋಗುತ್ತೆ."

ನಡುಮನೆಯಿಂದ ಅಜ್ಜಿ ಹೇಳಿದಳು: "ನಾನು ಮೊದಲೇ ಹೇಳಲಿಲ್ವಾ? ಮನೇಲಿರಲಿ."

ಪಕ್ಕದ ಮೇಜಿನವಳ ಕೆಲಸ ಉಳಿಯಿತು, ದಾರ ಸಿಕ್ಕಿತ್ತು. ಸೂಪರ್‌ವೈಸರ್ ಅಮ್ಮನಿಗೆ ಇನ್ನೊಂದೇ ಅವಕಾಶ ಎಂದಳು. ಮುಂದಿನ ವಾರ ಟೆಲಿಫೋನಿನವಳು ಹೊರಟ ಮೇಲೆ ಒಂದು ದಿನ ತಾನೇ ಪಕ್ಕದಲ್ಲಿ ಕೂತು ನೋಡುತ್ತಾಳೆ. ಆಗಲೂ ಹೀಗೇ ಆದರೆ ಕುರ್ಚಿಯೂ ಇಲ್ಲ, ಇಸ್ತ್ರಿ ಮೇಜೂ ಇಲ್ಲ. ಅಮ್ಮನ ಕುಂಟು ನಡಿಗೆ ಮೇಲಿನವರ ಕಣ್ಣಿಗೆ ಬಿದ್ದಾಗಿತ್ತು.

ಆ ವಾರ ಅಪ್ಪ ಬೇರೆ ಪಾಠ ಶುರುಮಾಡಿದ. ತಾನು ಸಿಟ್ಟಿನ ಗೆಸ್ಟು, ಅಮ್ಮ ಸಾರಿ ಅನ್ನದೆ ಉತ್ತರ ಕೊಡಬೇಕು. ಆದರೆ ಅಪ್ಪನಿಗೆ ಇಂಗ್ಲಿಷಿನಲ್ಲಿ ಸಿಟ್ಟು ಬರುತ್ತಲೇ ಇರಲಿಲ್ಲ. "ಮೇಡಂ, ಇಫ್ ಯು ಡೋಂಟ್ ಮೈಂಡ್, ಮೈ ಶರ್ಟ್..." ಎಂದು ಅವನು ಶುರುಮಾಡುವಾಗಲೇ ಚಿಕ್ಕಪ್ಪ ನಕ್ಕುಬಿಡುತ್ತಿದ್ದ. ಚಿಕ್ಕಪ್ಪ ಬೈದರೆ ಅದು ಪ್ರೆಶರ್ ಕುಕ್ಕರಿನ ಪುಸ್ತಿಕೆ ಓದಿದ ಹಾಗಿರುತ್ತಿತ್ತು. ನನ್ನನ್ನು ಯಾರೂ ಕೇಳಲೇ ಇಲ್ಲ.

"ಬೈಯೋಕೆ ಜನ ಸಿಗ್ತಿಲ್ವಾ ಈ ಮನೇಲಿ?" ನಡುಮನೆಯಿಂದ ದನಿ ಬಂತು. "ನಾನಿನ್ನೂ ಸತ್ತಿಲ್ಲ."

ಅಪ್ಪ ಇಣುಕಿ ನೋಡಿದ. "ನಿಂಗೆ ಇಂಗ್ಲಿಷ್ ಬರಲ್ಲವಲ್ಲಮ್ಮ."

"ಬೈಗುಳಕ್ಕೆ ಯಾವ ಭಾಷೆಯೋ. ನಾನು ನಮ್ಮ ಭಾಷೇಲಿ ಬೈತೀನಿ, ಅವಳು ಅವಳ ಭಾಷೇಲಿ ಹೇಳ್ಲಿ. ಒಂದು ಫೋನು ತಾ ಇಲ್ಲಿ."

ಚಿಕ್ಕಪ್ಪ ತನ್ನ ರಿಪೇರಿ ಮೇಜಿನಿಂದ ಸತ್ತ ಫೋನುಗಳೆರಡನ್ನು ತಂದ. ಒಂದನ್ನು ಅಜ್ಜಿಗೆ ಕೊಟ್ಟ, ಒಂದನ್ನು ಅಮ್ಮನಿಗೆ. ನಡುವೆ ಅಡುಗೆಮನೆಯ ಗೋಡೆ. ನಾವು ಮೂವರೂ ಬಾಗಿಲಲ್ಲಿ, ಇಬ್ಬರೂ ಕಾಣುವಂತೆ ನಿಂತೆವು. ಅಜ್ಜಿ ರಿಸೀವರನ್ನು ಕಿವಿಗೆ ತಲೆಕೆಳಗಾಗಿ ಹಿಡಿದುಕೊಂಡಿದ್ದಳು. ಯಾರೂ ತಿದ್ದಲಿಲ್ಲ.

"ಏನಮ್ಮಾ, ಬಟ್ಟೆ ಒಗೆಯೋಳೇ," ಅಜ್ಜಿ ಶುರುಮಾಡಿದಳು. "ನನ್ನ ಅಂಗಿ ಏನು ಮಾಡಿದ್ದೀಯ? ಕಲೆ ನೋಡು, ಕಣ್ಣು ಕಾಣುತ್ತಾ ನಿಂಗೆ?"

"ಗುಡ್ ಆಫ್ಟರ್‌ನೂನ್, ಮೇಡಂ," ಅಮ್ಮ ಅಂದಳು. "ಪ್ಲೀಸ್ ಸೀ ಇನ್‌ಸೈಡ್ ದಿ ಕಾಲರ್. ಈಸ್ ದೇರ್ ಎ ರೆಡ್ ಥ್ರೆಡ್?"

"ಏನಂದ್ಲು?"

"ದಾರ ಇದೆಯಾ ನೋಡಿ ಅಂದ್ಲು," ಎಂದ ಚಿಕ್ಕಪ್ಪ.

"ದಾರಾನೂ ಇಲ್ಲ ಗೀರಾನೂ ಇಲ್ಲ. ಕೆಲಸ ಬರಲ್ಲ ಅಂದ್ರೆ ಮನೇಲಿ ಬಿದ್ದಿರಬೇಕು." ಅಜ್ಜಿಗೆ ಹುರುಪು ಬಂದಿತ್ತು. ಅಂಗಿಯಿಂದ ಪ್ಯಾಂಟಿಗೆ ಹೋದಳು, ಪ್ಯಾಂಟಿನಿಂದ ಮೆತ್ತಗಾದ ಅನ್ನಕ್ಕೆ, ಅಲ್ಲಿಂದ ಹಾಲಿಗೆ. ಹೋಟೆಲಿನ ಗೆಸ್ಟು ಯಾವಾಗಲೋ ಎದ್ದುಹೋಗಿ ನಮ್ಮ ಅಜ್ಜಿಯೇ ಬಂದು ಕೂತಿದ್ದಳು. "ನನ್ನ ಗಂಡ ತಂದುಕೊಟ್ಟ ಶಾಲು. ನಂಬಿ ನಿನ್ನ ಕೈಗೆ ಕೊಟ್ಟೆ. ಏನು ಮಾಡಿದೆ ಅದನ್ನ? ಹೇಳು."

ಅಮ್ಮ ರಿಸೀವರು ಹಿಡಿದ ಕೈಯನ್ನು ಬದಲಿಸಿದಳು. "ಸಾ" ಎಂದು ಬಾಯಿ ತೆರೆದವಳು ಅಲ್ಲೇ ನಿಂತಳು. ಅಪ್ಪ ತಲೆಯಾಡಿಸಿ ಬೇಡ ಎಂದು ಸನ್ನೆ ಮಾಡಿದ. ಪಾಠ ಮೀರಬೇಡ ಎನ್ನುತ್ತಿದ್ದಾನೆಂದು ನಾನು ಅಂದುಕೊಂಡೆ.

"ಮೇಡಂ," ಎಂದಳು ಅಮ್ಮ. "ಐ ಡಿಡ್ ನಾಟ್ ವಾಷ್ ದಿ ಶಾಲ್."

ಚಿಕ್ಕಪ್ಪನ ನಗು ನಿಂತಿತು. ಅಪ್ಪ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

"ಏನಂದ್ಲು?" ಅಜ್ಜಿ ಕೇಳಿದಳು. "ಏನಂದ್ಲೋ? ಯಾರಾದ್ರೂ ಹೇಳ್ತೀರಾ ಇಲ್ವಾ?"

ಅಮ್ಮ ನನ್ನ ಕಡೆ ನೋಡಿದಳು.

"ಶಾಲು ಒಗೆದಿದ್ದು ತಾನಲ್ಲ ಅಂತಿದ್ದಾಳೆ ಅಜ್ಜಿ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

ಅಜ್ಜಿ ಫೋನು ಕೆಳಗಿಳಿಸಲಿಲ್ಲ. ಅದರೊಳಗೇ ಕೇಳಿದಳು. "ಮತ್ಯಾರು?"

ಅಮ್ಮ ಅಪ್ಪನನ್ನು ನೋಡಿದಳು. "ಪ್ಲೀಸ್ ಹೋಲ್ಡ್ ದಿ ಲೈನ್, ಮೇಡಂ," ಎಂದು ರಿಸೀವರನ್ನು ಅವನತ್ತ ಚಾಚಿದಳು.

ಅಪ್ಪ ಅದನ್ನು ತೆಗೆದುಕೊಂಡ. ಸತ್ತ ಫೋನು ಅದು. ತಾಯಿ ನಾಲ್ಕು ಹೆಜ್ಜೆ ಆಚೆ ಕೂತಿದ್ದಾಳೆ. ಆದರೂ ಕಿವಿಗೆ ಹಿಡಿದು, ಸೊಂಟ ಸ್ವಲ್ಪ ಬಗ್ಗಿಸಿ, "ಸಾರಿ, ಮೇಡಂ" ಎಂದ. ಅದನ್ನು ಅಜ್ಜಿಗೆ ಯಾರೂ ತರ್ಜುಮೆ ಮಾಡಬೇಕಾಗಲಿಲ್ಲ.

ಆಮೇಲೆ ಅಪ್ಪ ಕನ್ನಡದಲ್ಲಿ ಎಲ್ಲವನ್ನೂ ಹೇಳಿದ. ಮದುವೆಯಾದ ಹೊಸತು. ದಿನವಿಡೀ ನಿಂತು ಬಂದ ಹೆಂಡತಿ ಮತ್ತೆ ಬಟ್ಟೆ ಒಗೆಯಲು ಕೂತದ್ದು ನೋಡಲಾರದೆ ನೀನು ಮಲಗು ಎಂದು ಕಳಿಸಿ ತಾನೇ ಒಗೆದಿದ್ದ. ಉಣ್ಣೆ ಯಾವುದು, ಹತ್ತಿ ಯಾವುದು, ಅವನಿಗೇನು ಗೊತ್ತು? ಮಗ ಹೆಂಡತಿಯ ಬದಲು ಬಟ್ಟೆ ಒಗೆದನೆಂದರೆ ಮನೆ ಹತ್ತಿ ಉರಿಯುತ್ತದೆಂದು ಹೆದರಿದ. ಅಮ್ಮ "ನನ್ನಿಂದಾಯ್ತು ಅಂತೀನಿ ಬಿಡಿ" ಎಂದಳು. ಒಂದು ದಿನದ ಬೈಗುಳ ಎಂದುಕೊಂಡಿದ್ದರು ಇಬ್ಬರೂ.

ಅಜ್ಜಿ ಆ ದಿನ ಊಟಕ್ಕೆ ಬೇಡ ಎಂದಳು. ಮರುದಿನವೂ ಬೈಯಲಿಲ್ಲ. ಹಾಲು ಉಕ್ಕಿತು, ಅವಳೇ ಎದ್ದು ಒರೆಸಿದಳು. ಮನೆ ರೇಡಿಯೋ ಕೆಟ್ಟ ಅಂಗಡಿಯಂತಾಗಿತ್ತು. ಕೊನೆಗೆ ಒಂದು ಸಂಜೆ ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದಾಗ ಅಡುಗೆಮನೆಗೆ ಬಂದು, ಎದುರಿನ ಕುರ್ಚಿ ಎಳೆದು ಕೂತಳು.

"ಇಷ್ಟು ವರ್ಷ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ? ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ ಅತ್ತೆ?"

ಅಜ್ಜಿ ಒಂದು ಹುರುಳಿಕಾಯಿ ತೆಗೆದುಕೊಂಡು ನಾರು ಎಳೆದಳು. "ಇಲ್ಲ," ಎಂದಳು.

ಇಬ್ಬರೂ ಬುಟ್ಟಿ ಖಾಲಿಯಾಗುವವರೆಗೆ ಮುರಿದರು. ಆಮೇಲೆ ಅಜ್ಜಿ ಸೆರಗು ಕೊಡವಿ, "ಫೋನು ತಗೋ. ಪ್ಯಾಂಟಿಂದು ಸರಿಯಾಗಿ ಹೇಳ್ತಿಲ್ಲ ನೀನು," ಎಂದು ನಡುಮನೆಗೆ ನಡೆದಳು. ಪರೀಕ್ಷೆಯವರೆಗೂ ದಿನವೂ ಗೋಡೆಯಾಚೆಯಿಂದ ಬೈದಳು. ಇಷ್ಟು ಮನಸ್ಸಿಟ್ಟು ಅವಳು ಎಂದೂ ಬೈದಿರಲಿಲ್ಲ. ಶಾಲಿನ ಮಾತು ಮಾತ್ರ ಎತ್ತಲಿಲ್ಲ.

ಪರೀಕ್ಷೆಯ ದಿನ ಸೂಪರ್‌ವೈಸರ್ ಪಕ್ಕದಲ್ಲೇ ಕೂತಿದ್ದಳು. ಮಧ್ಯಾಹ್ನದವರೆಗೂ ಬಂದವೆಲ್ಲ ಸಣ್ಣಪುಟ್ಟ ಫೋನುಗಳು. ಆಮೇಲೆ ಒಬ್ಬಳು ಹೆಂಗಸು ಕಿರುಚಿದಳು: ಹೊಸ ಕುಪ್ಪಸದ ತೋಳು ಸುಟ್ಟಿದೆ. ಅಮ್ಮ ದಾರ ಇದೆಯೇ ಎಂದು ಕೇಳಿದಳು. ಅವಳು ಇನ್ನೂ ಜೋರಾಗಿ ಕಿರುಚಿದಳು. ಅಮ್ಮ ಮತ್ತೆ, ಅದೇ ದನಿಯಲ್ಲಿ, ಒಳಹೊಲಿಗೆ ನೋಡಿ ಎಂದಳು. ಆಚೆ ಬಟ್ಟೆ ತಿರುವಿದ ಸದ್ದು ಕೇಳಿತಂತೆ. ದಾರ ಇರಲಿಲ್ಲ. ಅಮ್ಮ ಆಗ, ಒಂದೇ ಸಲ, ಸಾರಿ ಎಂದಳು.

"ಅಷ್ಟೇ?" ಎಂದ ಅಪ್ಪ, ಮನೆಯಲ್ಲಿ.

"ಅಷ್ಟೇ. ತಪ್ಪು ನಮ್ಮದಿತ್ತು, ಹೇಳಿದೆ. ಮೇಡಂ ಹೋಗುವಾಗ ಕುರ್ಚಿ ಮೇಲೆ ಒಂದು ದಿಂಬು ಇಟ್ಟು ಹೋದ್ರು."

"ದಿಂಬು ಅಂದ್ರೆ ಪರ್ಮನೆಂಟು," ಎಂದ ಚಿಕ್ಕಪ್ಪ.

ಅಜ್ಜಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. "ಇನ್ನು ಕನ್ನಡದಲ್ಲಿ ಉಣ್ಣಬಹುದಾ ಇಲ್ಲಿ?" ಅಪ್ಪ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟ. ಅಭ್ಯಾಸಬಲ.

ಅಮ್ಮ ಕುರ್ಚಿಗೆ ಹೋದ ಮೇಲೆ ಬೈಯುವ ಪಾಠ ನಿಂತು ಅಜ್ಜಿಗೆ ದಿನಗಳು ಉದ್ದವಾದವು. ಒಂದು ದಿನ ನನ್ನನ್ನು ಕರೆದು, "ಅಲ್ಲಿಗೆ ಫೋನು ಮಾಡೋದು ಹೇಗೇ?" ಎಂದು ಕೇಳಿದಳು. ಹೋಟೆಲಿಗೆ ಮಾಡಿದರೆ ಮೊದಲು ಆಪರೇಟರು ಎತ್ತುತ್ತಾನೆ, ಅವನಿಗೆ ಇಂಗ್ಲಿಷಿನಲ್ಲಿ ಹೇಳಬೇಕು ಎಂದೆ. "ಎಷ್ಟು ಹೇಳಬೇಕು?" ಎರಡು ಮಾತು ಸಾಕು ಎಂದೆ. ನಾನು ಯಾರಿಗಾದರೂ ಕಲಿಸಿದ ಮೊದಲ ಇಂಗ್ಲಿಷು ಅದು. ಅಜ್ಜಿ ಎರಡು ದಿನ ಕೋಣೆಯಲ್ಲಿ ಓಡಾಡುತ್ತ ಬಾಯಿಪಾಠ ಮಾಡಿದಳು.

"ಲಾಂಡ್ರಿ ಪ್ಲೀಸ್," ಎನ್ನುತ್ತಿದ್ದಳು ದಿನಾ ಮಧ್ಯಾಹ್ನ ಆಪರೇಟರಿಗೆ, ಕಿವುಡನಿಗೆ ಹೇಳುವಂತೆ. ಆಮೇಲೆ ಲೈನು ಸಿಕ್ಕ ಕೂಡಲೇ, "ಊಟ ಆಯ್ತಾ?"

ಅಷ್ಟಕ್ಕೇ ಫೋನು. ಪಕ್ಕದಲ್ಲಿ ಸೂಪರ್‌ವೈಸರ್ ಇದ್ದರೆ ಅಮ್ಮ "ಯೆಸ್ ಮೇಡಂ, ಥ್ಯಾಂಕ್ ಯು ಮೇಡಂ" ಎಂದು ಇಡುತ್ತಿದ್ದಳು. ಅಜ್ಜಿ ನನ್ನತ್ತ ತಿರುಗಿ, "ಅತ್ತೆಗೆ ಥ್ಯಾಂಕ್ಸ್ ಅಂತೆ. ರೂಮು ಹಿಡಿದಿದ್ದೀನಿ ಅಂದ್ಕೊಂಡಿದ್ದಾಳೆ," ಎನ್ನುತ್ತಿದ್ದಳು. ಮುಖದಲ್ಲಿ ದೊಡ್ಡ ಹೋಟೆಲಿನಲ್ಲಿ ರೂಮು ಹಿಡಿದವಳ ಗತ್ತೇ ಇರುತ್ತಿತ್ತು.

ಅಜ್ಜಿ ಹೋಗಿ ಈಗ ಎರಡು ವರ್ಷ. ನಡುಮನೆಯಲ್ಲಿ ಈಗ ಚಿಕ್ಕಪ್ಪನ ಫ್ಯಾನುಗಳು ಸಾಲಾಗಿ ನಿಂತಿವೆ. ಹೋದ ವಾರ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಯಾಕೆಂದು ಗೊತ್ತಿಲ್ಲ, ಹೋಟೆಲಿನ ನಂಬರು ಒತ್ತಿದೆ. ಆಪರೇಟರಿಗೆ ಆ ಎರಡು ಮಾತು ಹೇಳಿದೆ. ಲೈನು ಕೂಡಿತು.

"ಗುಡ್ ಆಫ್ಟರ್‌ನೂನ್, ಲಾಂಡ್ರಿ," ಎಂದಳು ಅಮ್ಮ. ಎಷ್ಟು ನಿರಾಳವಾದ ದನಿ.

ನನಗೆ ಮುಂದಿನ ಮಾತು ಬರಲಿಲ್ಲ. ಕೇಳಬೇಕಾದದ್ದು ಗೊತ್ತಿತ್ತು, ಅಜ್ಜಿಯ ಅದೇ ಮಾತು. ಆಚೆ ಹಬೆಯ ಸುಯ್ಲು, ಗಾಡಿಯೊಂದು ಉರುಳಿದ ಸದ್ದು. ಅಮ್ಮ ಎರಡನೆಯ ಸಲ ಹಲೋ ಎನ್ನಲಿಲ್ಲ.

ಆಮೇಲೆ, ದನಿ ತಗ್ಗಿಸಿ, ಕನ್ನಡದಲ್ಲಿ ಹೇಳಿದಳು: "ಆಯ್ತು. ಈಗ ತಾನೇ ಆಯ್ತು."